ರೀಲಿನ ಕೊನೆಯ ಹದಿನೆಂಟು ಸೆಕೆಂಡು

ಬಾಗಿಲು ತಟ್ಟಿ ಒಳಗೆ ಹೋಗುವಷ್ಟು ಸಂಸ್ಕಾರ ಅವಳಿಗಿತ್ತು. ಅವತ್ತು ಮಾತ್ರ ತಟ್ಟಲಿಲ್ಲ.

ಸೀದಾ ಮಿಕ್ಸಿಂಗ್ ರೂಮಿಗೆ ನುಗ್ಗಿದವಳೇ, ಬೆನ್ನು ತಿರುಗಿಸಿ ಕುಳಿತಿದ್ದವನ ಕಿವಿಯಿಂದ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಎಸೆಯಲಿಲ್ಲ, ಇಟ್ಟಳು. ಎಷ್ಟೇ ಸಿಟ್ಟು ಬಂದರೂ ಸಾಮಾನು ಹಾಳು ಮಾಡುವವಳಲ್ಲ ನಮ್ಮ ಹುಡುಗಿ. ಒಂದು ಮ್ಯೂಸಿಕ್ ಕಂಪನಿಯ ಉಗ್ರಾಣದಲ್ಲಿ ಹಳೆಯ ಹಿಂದಿ ಸಿನಿಮಾ ಹಾಡುಗಳ ಟೇಪುಗಳನ್ನು ಒರೆಸಿ, ಕಂಪ್ಯೂಟರಿಗೆ ಇಳಿಸುವುದೇ ಅವಳ ಕೆಲಸ.

"ಯಾರ್ರೀ ನೀವು?"

"ಆ ಹಾಡಿನಲ್ಲಿದ್ದ ಆಲಾಪ ಎಲ್ಲಿ?"

ಅವನು ಕುರ್ಚಿ ತಿರುಗಿಸಿದ. ಎರಡು ತಿಂಗಳಿಂದ ಇಬ್ಬರ ನಡುವೆ ಮೇಲ್ ಓಡಾಡಿದ್ದವು, ಮುಖ ನೋಡಿದ್ದು ಇದೇ ಮೊದಲು. ಅವಳು ಇಳಿಸಿಕೊಟ್ಟ ಹಳೆಯ ಹಾಡುಗಳನ್ನು ಕತ್ತರಿಸಿ, ಜೋಡಿಸಿ, ಹೊಸ ತಾಳ ಹಾಕಿ ರಿಮಿಕ್ಸ್ ಮಾಡುವವನು ಅವನು. ಆ ವಲಯದಲ್ಲಿ ಎಲ್ಲರೂ ಅವನನ್ನು ಕತ್ತರಿ ಅಂತಲೇ ಕರೆಯುತ್ತಿದ್ದರು.

"ಓಹೋ... ಟೇಪ್ ಮೇಡಂ. ಮೇಲ್‌ನಲ್ಲಿ ಬೈದಿದ್ದು ಸಾಲದು ಅಂತ ಖುದ್ದಾಗಿ ಬಂದ್ರಾ?"

"ಐವತ್ತು ವರ್ಷದ ಹಾಡನ್ನ ಕೊಯ್ದು ಅದರ ಮೇಲೆ ಡಬಡಬ ಅಂತ ಬಡಿದ್ರಿ. ಅದನ್ನ ಹೇಗೋ ಸಹಿಸ್ಕೊಂಡೆ. ಆದ್ರೆ ನಡುವೆ ಒಬ್ಬ ಹೆಂಗಸಿನ ಆಲಾಪ ಇತ್ತು. ಅದನ್ನ ಯಾಕೆ ತೆಗೆದ್ರಿ?"

"ಇರ್ಲಿಲ್ಲ."

"ಇತ್ತು."

"ನೀವು ಕಳಿಸಿದ ಫೈಲ್‌ನಲ್ಲಿ ಇರ್ಲಿಲ್ಲ. ಟೇಪಿನಲ್ಲಿ ಇನ್ನೇನಾದ್ರೂ ಇದೆಯಾ ಅಂತ ಎರಡು ಸಲ ಕೇಳಿದ್ದೆ. 'ಇದ್ದಿದ್ರೆ ಕಳಿಸ್ತಿದ್ದೆ, ನನ್ನ ಕೆಲಸ ನನಗೆ ಗೊತ್ತು' ಅಂತ ನೀವೇ ಬರೆದ್ರಿ."

"ಸುಳ್ಳು ಹೇಳೋಕೂ ಒಂದು ಮಿತಿ ಬೇಡ್ವಾ?"

ಅವನ ಮುಖ ಬಿಗಿಯಾಯಿತು. ಏನೋ ಹೇಳಲು ತೆರೆದ ಬಾಯಿಯನ್ನು ಮುಚ್ಚಿಕೊಂಡ.

"ಬಂದ ದಾರಿ ಗೊತ್ತಲ್ಲ, ಹಾಗೇ ಹೊರಡಿ," ಎಂದು ಹೆಡ್‌ಫೋನ್ ಮತ್ತೆ ಹಾಕಿಕೊಂಡ.

ಎಂಥಾ ದುರಹಂಕಾರಿ... ಇವನ ಮುಖ ಇನ್ನೊಂದು ಸಲ ನೋಡಿದರೆ ಕೇಳು ಎಂದುಕೊಳ್ಳುತ್ತಾ ಮೆಟ್ಟಿಲಿಳಿದಳು.

ಅವಳ ಸಿಟ್ಟಿಗೆ ಕಾರಣ ಅಮ್ಮ. ಒಂಬತ್ತು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಗಿ ಅಮ್ಮನ ದನಿ ಹೋಗಿತ್ತು. ಅಂದಿನಿಂದ ಅಮ್ಮನ ಮಾತೆಲ್ಲ ಒಂದು ಬರೆಯುವ ಪ್ಯಾಡಿನ ಮೇಲೆ. ಹರೆಯದಲ್ಲಿ ಅಮ್ಮ ಸಿನಿಮಾ ಹಾಡುಗಳಿಗೆ ಕೋರಸ್ ಹಾಡುತ್ತಿದ್ದಳು. ದನಿ ಇದ್ದಾಗ ಕೇಳಿದರೆ, "ಹಿಂದಿನ ಸಾಲಲ್ಲಿ ನಿಂತು ಹೂಂ ಅಂತಿದ್ದೆ, ಅಷ್ಟೇ," ಎಂದು ಮಾತು ತೇಲಿಸಿಬಿಡುತ್ತಿದ್ದಳು. ಅಮ್ಮ ಮಾತಾಡಿದ ಎರಡು ಮೂರು ವಿಡಿಯೋಗಳಿದ್ದವು. ಹಾಡಿದ್ದು ಒಂದೂ ಇರಲಿಲ್ಲ.

ಹೋದ ವಾರ ಪಕ್ಕದ ಮನೆಯ ಫೋನಿನಲ್ಲಿ ಆ ರಿಮಿಕ್ಸ್ ಮೊಳಗಿತು. ಪಾತ್ರೆ ತೊಳೆಯುತ್ತಿದ್ದ ಅಮ್ಮ ಸೋಪಿನ ಕೈಯಲ್ಲೇ ಕಿಟಕಿಗೆ ಓಡಿಬಂದಳು. ಹಾಡು ಮುಗಿಯುವವರೆಗೂ ಕಿವಿಗೊಟ್ಟು ನಿಂತು, ಆಮೇಲೆ ಪ್ಯಾಡ್ ಎಳೆದುಕೊಂಡು ಬರೆದಳು.

'ಇದರಲ್ಲಿ ಒಂದು ಆಲಾಪ ನಾನೊಬ್ಬಳೇ ಹಾಡಿದ್ದೆ. ಹತ್ತೊಂಬತ್ತು ವರ್ಷ ಆಗ. ಆಗಿನ ರೆಕಾರ್ಡಿನಲ್ಲಿ ಉದ್ದ ಆಯಿತು ಅಂತ ತೆಗೆದರು. ಈಗಲೂ ತೆಗೆದಿದ್ದಾರೆ.'

ಸಿನಿಮಾದಲ್ಲಿ ಆ ಆಲಾಪ ಇತ್ತಂತೆ. ಆದರೆ ಆ ಸಿನಿಮಾದ ಒಂದು ಪ್ರಿಂಟೂ ಈಗ ಉಳಿದಿಲ್ಲ. ಉಳಿದಿದ್ದರೆ ಮೂಲ ಟೇಪಿನಲ್ಲಿ ಉಳಿದಿರಬೇಕು. ಆ ಟೇಪು ತನ್ನ ಕೈಯಲ್ಲೇ ಹಾದುಹೋಗಿದೆ... ಇಷ್ಟು ಹೊಳೆದದ್ದೇ ತಡ, ಅವಳು ಹಿಂದೆಮುಂದೆ ನೋಡದೆ ಕತ್ತರಿಯ ಮೇಲೆ ಎಗರಿಬಿದ್ದಿದ್ದಳು.

ಅಲ್ಲಿಗೇ ಬಿಟ್ಟಳಾ? ಬಿಡಲಿಲ್ಲ. ಹತ್ತೊಂಬತ್ತರ ಅಮ್ಮ ಮೈಕಿನ ಮುಂದೆ ನಗುತ್ತಾ ನಿಂತ ಫೋಟೋ ಹುಡುಕಿ ತೆಗೆದು, ಅದರ ಕೆಳಗೆ ರಿಮಿಕ್ಸಿನ ಹೆಸರಿನ ಜೊತೆ ಹೀಗೆ ಬರೆದು ಇಂಟರ್‌ನೆಟ್ಟಿನಲ್ಲಿ ಊರಿಗೆಲ್ಲ ಕಾಣುವಂತೆ ಹಾಕಿದಳು.

'ನನ್ನ ಅಮ್ಮನ ಗಂಟಲನ್ನು ಡಾಕ್ಟರು ಒಂದು ಸಲ ಕೊಯ್ದರು, ಬದುಕಿಸುವುದಕ್ಕೆ. ಎರಡನೇ ಸಲ ಒಬ್ಬ ಕಟುಕ ಕೊಯ್ದ, ಕುಣಿಸುವುದಕ್ಕೆ.'

ಎರಡು ದಿನದಲ್ಲಿ ಲಕ್ಷಾಂತರ ಜನ ಓದಿದರು. ಕತ್ತರಿಗೆ ಬಂದ ಬೈಗುಳಕ್ಕೆ ಲೆಕ್ಕವಿಲ್ಲ. ಅದೇ ಹಳೆಯ ಸಿನಿಮಾವನ್ನು ಹೊಸದಾಗಿ ತೆಗೆಯುತ್ತಿದ್ದರು. ಅದರ ಅಷ್ಟೂ ಹಾಡುಗಳು ಅವನ ಕೈಗೆ ಬಂದಿದ್ದವು. ನಿರ್ದೇಶಕರು ಒಂದೇ ಒಂದು ಫೋನ್ ಮಾಡಿ ಅವನನ್ನು ಕೈಬಿಟ್ಟರು.

ಅವನು ಮಾತ್ರ ಒಂದಕ್ಷರ ಉತ್ತರ ಕೊಡಲಿಲ್ಲ. ಅಪರಾಧಿಗೆ ಬಾಯಿ ಎಲ್ಲಿಂದ ಬರುತ್ತೆ ಎಂದುಕೊಂಡಳು ಅವಳು.

ಸಾಕ್ಷಿ ತೋರಿಸಿ ಇವನನ್ನು ಪೂರ್ತಿ ಮಣ್ಣು ಮುಕ್ಕಿಸೋಣ ಎಂದು ಕಂಪನಿಯ ಕಂಪ್ಯೂಟರಿನಿಂದ ತಾನೇ ಕಳಿಸಿದ ಫೈಲನ್ನು ತೆಗೆದು ಕೇಳಿದಳು.

ಹಾಡು ಶುರುವಾಯಿತು, ನಡೆಯಿತು, ಮುಗಿಯಿತು. ಆಲಾಪ ಇರಲಿಲ್ಲ.

ಇನ್ನೊಂದು ಸಲ ಕೇಳಿದಳು. ಇರಲಿಲ್ಲ.

ಆ ದಿನದ ಕೆಲಸದ ಪುಸ್ತಕ ತೆಗೆದಳು. ಅವಳದೇ ಅಕ್ಷರ: 'ಮೂವತ್ತು ಸೆಕೆಂಡು ಮೌನ. ಯಂತ್ರ ತಾನಾಗಿ ನಿಂತಿದೆ. ಮುಗಿಯಿತು.'

ಹಳೆಯ ಸ್ಟುಡಿಯೋಗಳಲ್ಲಿ ಒಂದು ರೂಢಿ ಇತ್ತು. ಹಾಡು ಮುಗಿದ ಮೇಲೆ ರೀಲಿನಲ್ಲಿ ಒಂದಿಷ್ಟು ಜಾಗ ಖಾಲಿ ಬಿಟ್ಟು, ಆಲಾಪದಂಥ ತುಣುಕುಗಳನ್ನು ಕೊನೆಯಲ್ಲಿ ಹಾಡಿಸಿಕೊಳ್ಳುತ್ತಿದ್ದರು. ಆಮೇಲೆ ಬೇಕಾದ ಕಡೆ ಸೇರಿಸುತ್ತಿದ್ದರು. ಈ ಕೆಲಸ ಕಲಿಯುವವರಿಗೆ ಮೊದಲ ವಾರವೇ ಹೇಳಿಕೊಡುವ ವಿಷಯ ಇದು. ಆದರೆ ಅವತ್ತು ನಲವತ್ತು ರೀಲು ಮುಗಿಸುವ ಆತುರದಲ್ಲಿ ಅವಳು ಯಂತ್ರವನ್ನು ನಂಬಿ ಟೀ ಕುಡಿಯಲು ಹೋಗಿದ್ದಳು.

ಟೇಪು ಎಲ್ಲಿ? ಉಗ್ರಾಣಕ್ಕೆ ಓಡಿದಳು. ಇಳಿಸಿ ಮುಗಿದ ಟೇಪುಗಳನ್ನೆಲ್ಲ ಹೋದ ತಿಂಗಳೇ ನಾಶಕ್ಕೆ ಕಳಿಸಿದ್ದರು. ಪಟ್ಟಿಯ ಕೆಳಗಿನ ಸಹಿಯೂ ಅವಳದೇ.

ಅವಳು ಅಲ್ಲೇ ಕುಳಿತು ಅತ್ತಳು. ಅಮ್ಮನ ದನಿಯನ್ನು ಕೊಯ್ದದ್ದು ಕತ್ತರಿಯಲ್ಲ. ಮಗಳು.

ಮನೆಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದಳು. ಅಮ್ಮ ಪ್ಯಾಡನ್ನು ಮಗುಚಿಟ್ಟು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಬೈದಿದ್ದರೂ ಇಷ್ಟು ನೋವಾಗುತ್ತಿರಲಿಲ್ಲ.

ಆ ಸಂಜೆಯೇ ಎಲ್ಲರಿಗೂ ಕಾಣುವಂತೆ ಮತ್ತೆ ಬರೆದಳು. 'ತಪ್ಪು ಅವರದಲ್ಲ. ಟೇಪನ್ನು ಅರ್ಧಕ್ಕೆ ನಿಲ್ಲಿಸಿದವಳು ನಾನು, ಅದನ್ನು ನಾಶಕ್ಕೆ ಕಳಿಸಿದವಳೂ ನಾನು. ಅವರು ಎರಡು ಸಲ ಕೇಳಿದ್ದರು. ನಾನು ಸೊಕ್ಕಿನಿಂದ ಉತ್ತರ ಕೊಟ್ಟೆ.' ಕೆಲಸ ಹೋಗಬಹುದು ಎಂದು ಗೊತ್ತಿತ್ತು. ಹೋದರೆ ಹೋಗಲಿ.

ಮೂರನೇ ದಿನ ಬೆಳಿಗ್ಗೆ ಅವಳ ಕೆಲಸದ ಕೋಣೆಯ ಬಾಗಿಲಲ್ಲಿ ಅವನು ನಿಂತಿದ್ದ. ಬಗಲಲ್ಲಿ ಒಂದು ಚಪ್ಪಟೆ ಡಬ್ಬಿ.

"ನಿಮ್ಮನ್ನ ಕ್ಷಮಿಸೋಕೆ ಬಂದಿದ್ದೀನಿ ಅಂದ್ಕೋಬೇಡಿ," ಎಂದ ಮೊದಲಿಗೇ.

"ಅಂದ್ಕೊಂಡಿಲ್ಲ."

"ಒಳ್ಳೇದು." ಡಬ್ಬಿಯನ್ನು ಮೇಜಿನ ಮೇಲಿಟ್ಟ. ಡಬ್ಬಿಯ ಬೆನ್ನ ಮೇಲಿದ್ದದ್ದು ನಾಶಕ್ಕೆ ಹೋದ ಅದೇ ಟೇಪಿನ ನಂಬರು.

"ಇದು... ಇದು ನಿಮ್ಮ ಹತ್ರ ಹೇಗೆ?"

"ಹಾಡು ಮುಗಿದ ಮೇಲೂ ಟೇಪಿನ ಸರಸರ ಸದ್ದು ಕೊನೆವರೆಗೂ ಇರುತ್ತೆ. ನಿಮ್ಮ ಫೈಲ್‌ನಲ್ಲಿ ಅದು ಪಟ್ಟಂತ ನಿಂತಿತ್ತು. ಕತ್ತರಿಸಿದ್ದು ಎಲ್ಲಿದ್ರೂ ನನಗೆ ಗೊತ್ತಾಗುತ್ತೆ, ಅದೇ ನನ್ನ ಕಸುಬು. ನಾಶಕ್ಕೆ ಅಂತ ಲಾರಿಗೆ ತುಂಬೋ ದಿನ ಇಲ್ಲಿಯ ಹುಡುಗರನ್ನ ಕೇಳಿ ಈ ರೀಲು ತಗೊಂಡೆ."

"ಹಾಗಿದ್ರೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಇದನ್ನ ನುಡಿಸೋ ಯಂತ್ರ ಇರೋದು ಇಲ್ಲಿ ಮಾತ್ರ. ನಿಮ್ಮನ್ನ ಕೇಳೋಣ ಅಂದ್ರೆ ಮೇಲ್‌ನಲ್ಲಿ ಮುಖಕ್ಕೆ ಹೊಡೆದ ಹಾಗೆ ಬರೆದ್ರಿ. ಅವತ್ತು ಬಾಯಿ ತೆಗೆಯೋ ಮೊದಲೇ ಸುಳ್ಳ ಅಂದ್ರಿ. ನನಗೂ ಹಠ ಬಂತು." ಅವನ ದನಿ ಗಡುಸಾಯಿತು. "ನಿಮ್ಮ ಪೋಸ್ಟ್ ನೋಡಿದ ದಿನ ಇದನ್ನ ಕಸಕ್ಕೆ ಹಾಕೋಣ ಅಂತ ಬೀದಿ ತುದಿವರೆಗೂ ಹೋಗಿದ್ದೆ. ಸತ್ಯ ಹೇಳ್ತಿದ್ದೀನಿ."

"ಮತ್ತೆ... ಯಾಕೆ ಹಾಕ್ಲಿಲ್ಲ?"

"ಫೋಟೋದಲ್ಲಿ ನಿಮ್ಮಮ್ಮ ನಗ್ತಾ ಇದ್ರಲ್ಲ. ಅವರೇನು ಮಾಡಿದ್ರು ನನಗೆ?"

ಅವಳು ಡಬ್ಬಿ ತೆರೆದಳು. ರೀಲಿನ ಅಂಚಿನಿಂದ ಕಂದು ಪುಡಿ ಉದುರುತ್ತಿತ್ತು. ದನಿಯೆಲ್ಲ ಅಂಟಿಕೊಂಡಿರುವುದು ಆ ಲೇಪದಲ್ಲೇ. ಯಂತ್ರದ ಮೇಲೆ ಒಂದು ಸಲ ಓಡಿದರೆ ಅದು ಪೂರ್ತಿ ಕಿತ್ತುಬರುತ್ತದೆ.

"ಒಂದೇ ಸಲ," ಎಂದಳು. "ಅಮ್ಮನ್ನ ಕರೀಬೇಕು."

ಅಮ್ಮ ಬಂದಳು. ಮಗಳ ಮುಖ ನೋಡದೆ ಸ್ಪೀಕರಿನ ಎದುರು ಕುಳಿತಳು. ಮಗಳು ಯಂತ್ರ ತಾನಾಗಿ ನಿಲ್ಲದಂತೆ ಆ ಗುಂಡಿಯನ್ನು ಬಂದ್ ಮಾಡಿ, ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರುಮಾಡಿ, ರೀಲನ್ನು ಓಡಲು ಬಿಟ್ಟಳು.

ಹಾಡು ಮುಗಿಯಿತು. ಮೌನ ಶುರುವಾಯಿತು.

ಹತ್ತು ಸೆಕೆಂಡು. ಮೂವತ್ತು. ಐವತ್ತು... ಕಂದು ಪುಡಿ ಉದುರುತ್ತಲೇ ಇತ್ತು. ಏನೂ ಇಲ್ಲ, ಏನೂ ಇಲ್ಲ ಇದರಲ್ಲಿ, ಅಮ್ಮನಿಗೆ ಎರಡನೇ ಸಲ ಮೋಸ ಮಾಡಿಬಿಟ್ಟೆ ಎಂದು ಅವಳ ಕೈ ನಿಲ್ಲಿಸುವ ಗುಂಡಿಯ ಕಡೆ ಹೋಯಿತು. ಅವನು ಆ ಕೈಯನ್ನು ಹಿಡಿದುಕೊಂಡ.

ತೊಂಬತ್ತು ಸೆಕೆಂಡು ಕಳೆದ ಮೇಲೆ ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ ಒಬ್ಬ ಹುಡುಗಿ ಹಾಡಿದಳು.

ಹದಿನೆಂಟೇ ಸೆಕೆಂಡು. ಮಾತಿಲ್ಲ, ಪದವಿಲ್ಲ, ಬರೀ ದನಿ. ಅದು ಏರಿ, ಒಂದು ಕಡೆ ಸ್ವಲ್ಪ ಜಾರಿ, ಮತ್ತೆ ಸಾವರಿಸಿಕೊಂಡು ಇಳಿಯಿತು. ಕೊನೆಗೊಂದು ಚಿಕ್ಕ ನಗು. ರೀಲು ಮುಗಿಯಿತು.

ಅಮ್ಮನ ಕೈ ಕುತ್ತಿಗೆಯ ಮೇಲಿತ್ತು. ಆಮೇಲೆ ಅಮ್ಮ ಪ್ಯಾಡ್ ತೆಗೆದುಕೊಂಡಳು. ಇಬ್ಬರೂ ಬಗ್ಗಿ ನೋಡಿದರು.

'ನಡುವೆ ಶ್ರುತಿ ಇಳಿಯಿತು. ಇನ್ನೊಂದು ಸಲ ಹಾಡುತ್ತೇನೆ ಅಂದೆ. ಬೇಡ ಅಂದುಬಿಟ್ಟರು.'

ಬರೆದು ಮುಗಿಸಿ ಅಮ್ಮ ಸದ್ದಿಲ್ಲದೆ ನಕ್ಕಳು. ನಗುತ್ತಲೇ ಅತ್ತಳು. ಮಗಳನ್ನು ಎಳೆದು ಎದೆಗೆ ಒತ್ತಿಕೊಂಡಳು. ಆಮೇಲೆ ಅವನ ಕಡೆ ಪ್ಯಾಡ್ ತಿರುಗಿಸಿದಳು.

'ಇದನ್ನು ನಿನ್ನ ಹಾಡಿಗೆ ಸೇರಿಸಪ್ಪ. ನನ್ನ ಹೆಸರು ಹಾಕು. ಯಾರೂ ಹಾಕಿಲ್ಲ.'

"ಮೊದಲನೇ ಹೆಸರೇ ನಿಮ್ಮದು, ಅಮ್ಮ," ಎಂದ ಅವನು.

ಅಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಮಗಳ ಕೈ ಇನ್ನೂ ಯಾರ ಕೈಯಲ್ಲಿದೆ ಎಂಬುದನ್ನೂ ನೋಡಿ, ಟೀ ಕುಡಿದು ಬರುತ್ತೇನೆ ಎಂದು ಸನ್ನೆ ಮಾಡಿ ಎದ್ದುಹೋದಳು. ತಾಯಂದಿರಿಗೆ ಇದನ್ನೆಲ್ಲ ಯಾರೂ ಬರೆದು ತೋರಿಸಬೇಕಿಲ್ಲ.

"ನನ್ನ ಮೇಲೆ ಇನ್ನೂ ಕೋಪ ಇದೆಯಾ?" ಅವಳು ನೆಲ ನೋಡುತ್ತಾ ಕೇಳಿದಳು.

"ಇದೆ. ಕೆಲಸ ಹೋಯ್ತು, ಮರ್ಯಾದೆ ಹೋಯ್ತು. ಇದು ಅಷ್ಟು ಸುಲಭವಾಗಿ ಹೋಗಲ್ಲ." ಹಿಡಿದ ಕೈ ಮಾತ್ರ ಬಿಡಲಿಲ್ಲ. "ನಿಮಗೆ ಹನ್ನೊಂದು ಮೇಲ್ ಹಾಕಿದ್ದೆ. ಅದರಲ್ಲಿ ನಿಜವಾದ ಸಂದೇಹ ಇದ್ದಿದ್ದು ಎರಡರಲ್ಲೇ."

"ಉಳಿದ ಒಂಬತ್ತು?"

"ಎಲ್ರೂ ಸೂಪರ್ ಸರ್ ಅಂತಾರೆ. ಬೈಯೋರು ನೀವೊಬ್ರೇ. ಬೈಸ್ಕೊಳ್ದೆ ಇದ್ರೆ ಆ ದಿನ ಕೆಲಸಕ್ಕೇ ಕೈ ಹೋಗ್ತಿರ್ಲಿಲ್ಲ."

ಅವಳ ಕಣ್ಣು ತುಂಬಿತು. ಈ ಮನುಷ್ಯನನ್ನಾ ನಾನು ಕಟುಕ ಅಂದಿದ್ದು...

"ಊರ ಮುಂದೆ ನಿಮ್ಮ ಬಗ್ಗೆ ಕೆಟ್ಟದ್ದು ಬರೆದೆ. ಊರ ಮುಂದೆನೇ ಇನ್ನೊಂದು ಮಾತು ಬರೀಬೇಕು ಅನ್ನಿಸ್ತಿದೆ."

"ಬೇಡ. ಅದನ್ನ ನನಗೊಬ್ಬನಿಗೇ ಹೇಳಿ."

ಅವಳು ಹೇಳಿದಳು. ಅವನ ಕಿವಿಯ ಹತ್ತಿರ, ತಡವರಿಸುತ್ತಾ, ಅಳುತ್ತಾ ಹೇಳಿದಳು.

ಅವನು ಕಣ್ಣು ಮುಚ್ಚಿಕೊಂಡ. "ಅಯ್ಯೋ... ಇದನ್ನ ರೆಕಾರ್ಡ್ ಮಾಡ್ಕೋಬೇಕಿತ್ತು."

"ಬೇಡ," ಎಂದಳು ಅವಳು. "ನಾನಿದ್ದೀನಲ್ಲ. ಬೇಕಾದಾಗ ಕೇಳು, ಮತ್ತೆ ಹೇಳ್ತೀನಿ."