ಬನ್ ಅಂಕಲ್ ಸೈಕಲ್ಲಿನ ಬ್ರೇಕ್

“ಹತ್ತನೇ ನಂಬರ್ ಸ್ಪ್ಯಾನರ್‌ಗೆ ಕಾಲು ಬಂತಾ? ಎಲ್ಲೇ ಹೋಯ್ತು ಅದು?” ಸೈಕಲ್ ರಿಪೇರಿ ಅಂಗಡಿಯ ಒಳಗಿಂದ ಅಮ್ಮ ಕೂಗಿದಳು.

ಮಗಳು ಬೆಲ್ಲು ಮೊಬೈಲಿನಿಂದ ತಲೆ ಎತ್ತಲಿಲ್ಲ. ಸ್ಪ್ಯಾನರ್ ಅವಳ ಫ್ರಾಕಿನ ಜೇಬಿನಲ್ಲಿತ್ತು.

ಬೆಲ್ಲು ಎನ್ನುವುದು ಅಂಗಡಿಗೆ ಬರುವವರು ಅವಳಿಗೆ ಇಟ್ಟ ಹೆಸರು. ಬಾಯಿ ತೆರೆದಳೆಂದರೆ ಸೈಕಲ್ ಬೆಲ್ಲಿನ ಹಾಗೆ ನಿಲ್ಲುವುದೇ ಇಲ್ಲ! ಅಂಥವಳು ಎರಡು ವಾರದಿಂದ ತುಟಿ ಪಿಟಕ್ಕೆನ್ನದೆ, ಮೂಲೆಯಲ್ಲಿ ಕೂತು ಅಮ್ಮನ ಹಳೇ ಮೊಬೈಲ್ ಒತ್ತುತ್ತಿದ್ದಳು. ಮಗಳಿಗೆ ಗಂಟಲು ನೋವೇನೋ ಎಂದುಕೊಂಡು ಅಮ್ಮ ದಿನಾ ಬಿಸಿನೀರು ಕುಡಿಸುತ್ತಿದ್ದಳು. ಪಾಪ, ಅಮ್ಮನಿಗೇನು ಗೊತ್ತು?

ಗೊತ್ತಿದ್ದದ್ದು ಕ್ಯಾಪ್ಟನ್‌ಗೆ ಮಾತ್ರ. ಕ್ಯಾಪ್ಟನ್ ಯಾರು? ಅದು ಬೆಲ್ಲುವಿಗೂ ಗೊತ್ತಿರಲಿಲ್ಲ. ಕಾರ್ ರೇಸ್ ಗೇಮ್ ಆಡುವಾಗ ಚಾಟ್‌ನಲ್ಲಿ ಸಿಕ್ಕವನು. ಮುಖ ಇಲ್ಲ, ಊರು ಇಲ್ಲ, ಹೆಸರಿನ ಪಕ್ಕ ಒಂದು ಹದ್ದಿನ ಚಿತ್ರ ಅಷ್ಟೆ. ಪ್ರಾಣದ ಗೆಳತಿಯ ಮನೆಯವರು ಊರು ಬಿಟ್ಟು ಹೋದಾಗ ಬೆಲ್ಲು ತನ್ನ ಅಳುವನ್ನೆಲ್ಲ ಅವನಿಗೇ ಟೈಪ್ ಮಾಡಿ ಹೇಳಿದ್ದಳು.

“ನಿನ್ ಫ್ರೆಂಡ್ ಅಪ್ಪ ಬೇಕರಿ ಸೈಕಲ್ ಓಡಿಸ್ತಿದ್ರು ಅಂದ್ಯಲ್ಲ. ಈಗ ಅದನ್ನ ಯಾರು ಓಡಿಸ್ತಾರೆ?” ಎಂದು ಅವನು ಕೇಳಿದ.

“ಬನ್ ಅಂಕಲ್. ಹೊಸಬರು. ಬೇರೆ ಕಡೆಯಿಂದ ಬಂದಿದಾರೆ. ನಮ್ ಮಾತು ಸರಿಯಾಗಿ ಬರಲ್ಲ.”

“ನೋಡಿದ್ಯಾ! ಅವನೇ ಕೆಲಸ ಕಿತ್ಕೊಂಡಿದ್ದು. ಅವನಿಂದಾನೇ ನಿನ್ ಫ್ರೆಂಡ್ ಹೋಗಿದ್ದು.”

ಆಮೇಲೆ ದಿನಾ ವಿಡಿಯೊ ಬರತೊಡಗಿದವು. ಹೊರಗಿಂದ ಬಂದವರು ಕಳ್ಳರು, ಮೋಸಗಾರರು, ಅವರನ್ನು ಓಡಿಸಬೇಕು. ಒಂದು ನೋಡಿದರೆ ಅಂಥವೇ ಹತ್ತು ತಾವಾಗಿ ಬಂದು ಸಾಲಾಗಿ ನಿಲ್ಲುತ್ತಿದ್ದವು. ಬನ್ ಅಂಕಲ್ ಎದುರಿಗೆ ಬಂದರೆ ಬೆಲ್ಲು ಮುಖ ತಿರುಗಿಸುತ್ತಿದ್ದಳು. ಅವರು ಕೊಡುವ ಮುರಿದ ಬಿಸ್ಕತ್ತುಗಳನ್ನೂ ಮುಟ್ಟುತ್ತಿರಲಿಲ್ಲ. ಅದಂತೂ ತುಂಬಾ ಕಷ್ಟವಾಗಿತ್ತು.

ನಿನ್ನೆ ಕ್ಯಾಪ್ಟನ್ ಬರೆದಿದ್ದ: “ನಿಂಗೊಂದು ಮಿಷನ್. ಅವನ ಸೈಕಲ್ ಬ್ರೇಕ್ ಸಡಿಲ ಮಾಡು. ಸುಮ್ನೆ ಹೆದರಿಸೋಕೆ. ಮನೇಲಿ ಯಾರಿಗೂ ಹೇಳ್ಬೇಡ. ಒಬ್ಬಳೇ ಮಾಡಬೇಕು, ಅದೇ ವೀರರ ಕೆಲಸ. ನಿನ್ನಷ್ಟು ಧೈರ್ಯ ಇನ್ಯಾರಿಗಿದೆ?”

ಹೀಗೆ ಹೊಗಳಿದರೆ ಯಾರು ತಾನೇ ಉಬ್ಬುವುದಿಲ್ಲ? ಬೆಲ್ಲುವೂ ಉಬ್ಬಿದಳು. ಅದಕ್ಕೇ ಸ್ಪ್ಯಾನರ್ ಜೇಬು ಸೇರಿತ್ತು.

ಅಷ್ಟರಲ್ಲಿ ಬನ್ ಅಂಕಲ್ ಸೈಕಲ್ ತಳ್ಳಿಕೊಂಡು ಬಂದರು. “ಅಕ್ಕಾ, ಟಯರ್‌ಗೆ ಹಸಿವು! ಹೊಟ್ಟೆಯಲ್ಲಿ ಗಾಳಿ ಇಲ್ಲ.”

“ಬಿಟ್ಟು ಹೋಗಿ, ಹೊಟ್ಟೆ ತುಂಬಾ ಊಟ ಹಾಕಿಸ್ತೀನಿ,” ಎಂದು ಅಮ್ಮ ನಕ್ಕಳು.

ಪಂಕ್ಚರ್ ಹಾಕಿ ಮುಗಿಸಿ ಅಮ್ಮ ಎದ್ದಳು. “ಒಂದು ತುತ್ತು ತಿಂದು ಬರ್ತೀನಿ ಕಣೇ. ಇವರ ಬ್ರೇಕ್ ಬಂದು ನೋಡ್ತೀನಿ.” ಸೈಕಲ್ ಯಾವ ಕೆಲಸಕ್ಕೇ ಬಂದಿರಲಿ, ಬ್ರೇಕ್ ನೋಡದೆ ಅಮ್ಮ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಅಂಗಡಿಯ ಮುಂದೆಯೇ ದೊಡ್ಡ ಇಳಿಜಾರು, ಅದರ ಕೆಳಗೆ ಬಸ್ಸು ಲಾರಿ ಓಡುವ ರಸ್ತೆ.

ಬೆಲ್ಲು ಸೈಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸ್ಪ್ಯಾನರ್ ತೆಗೆದಳು. ಇನ್ನೊಂದು ಕೈ, ಅಮ್ಮನ ಜೊತೆ ಕೆಲಸ ಮಾಡಿದ ಅಭ್ಯಾಸಬಲದಿಂದ, ಒಮ್ಮೆ ಬ್ರೇಕ್ ಒತ್ತಿತು. ಅದು ಸೀದಾ ಹೋಗಿ ಹ್ಯಾಂಡಲ್‌ಗೆ ತಾಗಿತು! ಬಗ್ಗಿ ನೋಡಿದರೆ ಬ್ರೇಕ್ ವೈರಿನ ಎಳೆಗಳೆಲ್ಲ ಕಿತ್ತು ಹೋಗಿ ಎರಡೇ ಎರಡು ಉಳಿದಿದ್ದವು.

“ಅಯ್ಯಯ್ಯೋ! ಇದನ್ನ ಇಟ್ಕೊಂಡು ಇಳಿಜಾರು ಇಳೀತಿದಾರಾ ಇವರು?”

ಮುಂದಿನದೆಲ್ಲ ಅವಳ ಕೈಗಳೇ ಮಾಡಿದವು. ಡಬ್ಬಿಯಿಂದ ಹೊಸ ವೈರ್ ಬಂತು. ಹಳೆಯದು ಕಸಕ್ಕೆ ಹೋಯಿತು. ವೈರ್ ಪೋಣಿಸಿ, ಎಳೆದು ಹಿಡಿದು, ನಟ್ ಬಿಗಿ ಮಾಡಿದಳು. ಬ್ರೇಕ್ ಒತ್ತಿ ಸೈಕಲ್ ತಳ್ಳಿದಳು. ಚಕ್ರ ಗಕ್ಕನೆ ನಿಂತಿತು. “ಹಾಂ, ಈಗ ಸರಿ!” ಎಂದು ಥೇಟ್ ಅಮ್ಮನ ಹಾಗೆ ಕೈ ಒರೆಸಿಕೊಂಡಳು.

ಆಮೇಲೆ ಮಿಷನ್ ನೆನಪಾಯಿತು.

ಮೊಬೈಲ್ ಗುಂಯ್ ಅಂದಿತು. “ಮುಗೀತಾ?”

“ಬ್ರೇಕ್ ಹಾಳಾಗಿತ್ತು. ಹೊಸ ವೈರ್ ಹಾಕಿದೆ,” ಎಂದು ಬೆಲ್ಲು ಟೈಪ್ ಮಾಡಿದಳು.

“ಏನು! ಹಾಳಾಗಿದ್ರೆ ಹಾಗೇ ಬಿಡಬೇಕಿತ್ತು! ದಡ್ಡಿ!”

“ಕೆಳಗಡೆ ಲಾರಿ ಬರುತ್ತೆ. ಅಂಕಲ್ ಸತ್ತು ಹೋಗಿದ್ರೆ?”

“ಸಾಯ್ಲಿ ಅಂತಾನೇ ಹೇಳಿದ್ದು. ಈಗಲೇ ಹೋಗಿ ಬಿಚ್ಚು. ಇಲ್ದಿದ್ರೆ ಪೊಲೀಸರಿಗೆ ನಿನ್ ಹೆಸರೇ ಹೇಳ್ತೀನಿ.”

ಬೆಲ್ಲು ಸ್ಪ್ಯಾನರ್ ಕೆಳಗಿಟ್ಟಳು. ಒಂದೇ ಉಸಿರಿಗೆ ಮನೆಯೊಳಗೆ ಓಡಿ, ಊಟದ ತಟ್ಟೆಯ ಪಕ್ಕ ಮೊಬೈಲ್ ಇಟ್ಟಳು. “ಅಮ್ಮಾ, ಇದೆಲ್ಲಾ ಓದು. ಬೈಬೇಡ. ಬೈದ್ರೂ ಪರವಾಗಿಲ್ಲ, ಓದು.”

ಅಮ್ಮ ಎಡಗೈ ಬೆರಳಲ್ಲಿ ಸರಿಸುತ್ತಾ ಓದಿದಳು. ತಟ್ಟೆಯಲ್ಲಿ ಅನ್ನ ಆರಿಹೋಯಿತು.

“ನಿನ್ ಫ್ರೆಂಡ್ ಅಪ್ಪಂಗೆ ವ್ಯಾನ್ ಓಡ್ಸೋ ಕೆಲಸ ಸಿಕ್ತು. ಅದಕ್ಕೆ ಹೋದ್ರು. ಬನ್ ಅಂಕಲ್ ಬಂದಿದ್ದು ಆಮೇಲೆ ಕಣೇ,” ಎಂದಳು. “ಎರಡು ವಾರ! ಪಕ್ಕದಲ್ಲೇ ಕೂತಿದ್ದೆ. ನಾನೊಬ್ಳು, ಬಿಸಿನೀರು ಕುಡಿಸ್ತಾ ಇದ್ದೆ.” ಮಗಳನ್ನು ಎಳೆದು ಗಟ್ಟಿಯಾಗಿ ಅಪ್ಪಿಕೊಂಡಳು. ಆಮೇಲೆ ಕೈ ತೊಳೆದು ಪೊಲೀಸರಿಗೆ ತಾನೇ ಫೋನ್ ಮಾಡಿದಳು.

ಅವರು ಬರುವ ಮೊದಲೇ ಬನ್ ಅಂಕಲ್ ಬಂದರು.

“ನೀನು ಹೇಳ್ತೀಯೋ, ನಾನು ಹೇಳ್ಲೋ?” ಅಮ್ಮ ಕೇಳಿದಳು.

ಬೆಲ್ಲುವೇ ಹೇಳಿದಳು. ತನ್ನ ಕಾಲ್ಬೆರಳು ನೋಡುತ್ತಾ, ಒಂದನ್ನೂ ಬಿಡದೆ ಹೇಳಿದಳು. ಅಂಕಲ್ ಮುಖದ ನಗು ಮೆಲ್ಲಗೆ ಮಾಯವಾಯಿತು.

“ನಾನು ಏನು ಮಾಡಿದೆ, ಪಾಪು?” ಅಷ್ಟೇ ಕೇಳಿದರು.

“ಏನೂ ಇಲ್ಲ ಅಂಕಲ್,” ಎಂದಳು ಬೆಲ್ಲು. ಆಮೇಲೆ ಅಳು ಬಂದುಬಿಟ್ಟಿತು.

“ಬ್ರೇಕ್ ನಾನೂ ನೋಡಿದೀನಿ. ಗಟ್ಟಿಯಾಗಿದೆ,” ಎಂದಳು ಅಮ್ಮ. ಅಂಕಲ್ ತಲೆಯಾಡಿಸಿದರು. ಬ್ರೇಕ್ ಒಮ್ಮೆ ಒತ್ತಿ ನೋಡಿದರು, ಇಳಿಜಾರಿನ ಕಡೆ ನೋಡಿದರು. ಸೈಕಲ್ ಹತ್ತಲಿಲ್ಲ. ತಳ್ಳಿಕೊಂಡೇ ಕೆಳಗಿಳಿದರು.

ಬ್ರೇಕ್ ಸರಿಯಿದೆ ಅಂಕಲ್ ಎಂದು ಕೂಗಬೇಕು ಅನಿಸಿತು ಬೆಲ್ಲುವಿಗೆ. ಆದರೆ ಅಂಕಲ್‌ಗೆ ಭಯವಾಗಿರುವುದು ತನ್ನನ್ನು ಕಂಡು ಎಂದು ಅವಳಿಗೆ ಗೊತ್ತಾಯಿತು. ಐದನೇ ಕ್ಲಾಸಿನ ಹುಡುಗಿಯನ್ನು ಕಂಡು ಅಷ್ಟು ದೊಡ್ಡವರಿಗೆ ಭಯ.

ಸಂಜೆ ಪೊಲೀಸ್ ಆಂಟಿ ಬಂದು ಬೆಲ್ಲುವಿನ ಪಕ್ಕ ಕೂತು ಎಲ್ಲ ಬರೆದುಕೊಂಡರು, ಮೊಬೈಲ್ ತೆಗೆದುಕೊಂಡು ಹೋದರು. “ಇವನು ಇನ್ನೂ ಎಷ್ಟು ಮಕ್ಕಳ ಹತ್ರ ಹೀಗೆ ಮಾತಾಡಿದಾನೋ. ನೀನು ಹೇಳಿದ್ದಕ್ಕೆ ಹುಡುಕೋಕಾದ್ರೂ ಆಗುತ್ತೆ,” ಎಂದರು.

ಮಾರನೆಯ ದಿನವೂ ಬನ್ ಅಂಕಲ್ ಸೈಕಲ್ ತಳ್ಳಿಕೊಂಡೇ ಇಳಿದರು. ಅದರ ಮಾರನೆಯ ದಿನವೂ ಅಷ್ಟೆ. ಬೆಲ್ಲು ದಿನಾ ಸ್ಕೂಲ್ ಬ್ಯಾಗ್ ಹೊತ್ತು ಅಂಗಡಿ ಬಾಗಿಲಲ್ಲಿ ನಿಂತು, “ಗುಡ್ ಮಾರ್ನಿಂಗ್ ಅಂಕಲ್” ಅನ್ನುತ್ತಿದ್ದಳು. ಅವರು ಮೆಲ್ಲಗೆ “ಗುಡ್ ಮಾರ್ನಿಂಗ್” ಅಂದು ಮುಂದೆ ಹೋಗುತ್ತಿದ್ದರು.

ಐದನೇ ದಿನ ಅಂಕಲ್ ಇಳಿಜಾರಿನ ತುದಿಯಲ್ಲಿ ನಿಂತರು. ಒಂದು ಸಲ ಬೆಲ್ಲುವಿನ ಕಡೆ ತಿರುಗಿ ನೋಡಿದರು. ಆಮೇಲೆ ಸೈಕಲ್ ಹತ್ತಿದರು.

“ಬಸ್ ಬರೋ ಹೊತ್ತಾಯ್ತು, ಇನ್ನೂ ಅಲ್ಲೇ ಏನ್ ಮಾಡ್ತಿದೀಯೇ?” ಅಮ್ಮ ಒಳಗಿಂದ ಕೂಗಿದಳು.

ಬೆಲ್ಲು ರಸ್ತೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ.

“ಇರಮ್ಮ, ಅಂಕಲ್ ದಾಟ್ಲಿ.”