ಇಪ್ಪತ್ತೆಂಟನೇ ಮನೆಯ ಬಿರುಕು

“ಅಮ್ಮಾ, ಈ ಬಿರುಕಿನೊಳಗೆ ನನ್ನ ಪೆನ್ಸಿಲ್ ಪೂರ್ತಿ ಹೋಗುತ್ತೆ ನೋಡು.”

“ಪೆನ್ಸಿಲ್ ತೆಗಿ. ಗೋಡೆ ಹತ್ರ ಹೋಗ್ಬೇಡ ಅಂತ ಎಷ್ಟು ಸಲ ಹೇಳ್ಲಿ? ದೂರ ನಿಂತ್ಕೊಂಡು ಬರ್ಕೋ. ಅಗಲ ಹದಿನೆಂಟು ಮಿಲಿಮೀಟರ್.”

ಪಟಾಕಿ ಅಂಗಳದ ನಡುವಿಗೆ ಸರಿದು ಬರೆದುಕೊಂಡಳು. ಅವಳಿಗೆ ಬೇರೆ ಹೆಸರಿತ್ತು, ಆದರೆ ಅದು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ. ಬಾಯಿ ತೆರೆದರೆ ನಿಲ್ಲಿಸುವುದೇ ಗೊತ್ತಿಲ್ಲದ ಆ ಹುಡುಗಿಯನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ತಲೆಯ ಮೇಲಿದ್ದ ಹೆಲ್ಮೆಟ್ಟು ಅವಳಿಗೆ ದೊಡ್ಡದಾಗಿ ಪದೇ ಪದೇ ಕಣ್ಣಿನ ಮೇಲೆ ಜಾರುತ್ತಿತ್ತು.

ಭೂಕಂಪವಾಗಿ ಐದು ದಿನವಾಗಿತ್ತು. ಭೂಮಿ ನಡುಗಿದ್ದು ಬರೀ ಹನ್ನೆರಡು ಸೆಕೆಂಡು. ಅಷ್ಟರಲ್ಲೇ ಪೇಟೆಯಲ್ಲಿ ಸ್ಕೂಲಿನ ಕಾಂಪೌಂಡು ಉದ್ದಕ್ಕೆ ಮಲಗಿತ್ತು, ನೀರಿನ ಟ್ಯಾಂಕು ವಾಲಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಿರಲಿಲ್ಲ. ಆಂಬುಲೆನ್ಸ್ ಓಡಿಸುವ ಅಪ್ಪ ಮನೆಗೆ ಬರುತ್ತಿದ್ದುದು ಬಟ್ಟೆ ಬದಲಿಸಲು ಮಾತ್ರ. ಅಮ್ಮ ಎಂಜಿನಿಯರ್. ಯಾವ ಮನೆಗೆ ಎಷ್ಟು ಪೆಟ್ಟಾಗಿದೆ ಎಂದು ದಾಖಲು ಮಾಡುವುದು ಅವಳ ಕೆಲಸ. ಪೇಟೆ ಮುಗಿದು ಈಗ ಹಳ್ಳಿಗಳ ಸರದಿ. ಸ್ಕೂಲಿಗೆ ರಜೆ, ಮನೆಯಲ್ಲಿ ಯಾರೂ ಇಲ್ಲ. ಹಾಗಾಗಿ ಪಟಾಕಿಯೂ ಬಂದಿದ್ದಳು.

“ಸುಮ್ನೆ ಬರೋದಲ್ಲ. ನಾನು ಹೇಳಿದ್ದನ್ನ ನೀಟಾಗಿ ಬರೀಬೇಕು,” ಎಂದಿದ್ದಳು ಅಮ್ಮ.

ಬರೆದ ಪುಸ್ತಕ ಊರ ಮುಂದೆ ಹಾಕಿದ್ದ ಆಫೀಸಿನ ಟೆಂಟಿಗೆ ಹೋಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ಅಣ್ಣನೊಬ್ಬ ಅದನ್ನು ನೋಡಿ ಮನೆಮನೆಗೆ ಸ್ಟಿಕ್ಕರ್ ಅಂಟಿಸುತ್ತಿದ್ದ. ಹಸಿರಾದರೆ ಒಳಗೆ ಇರಬಹುದು. ಕೆಂಪಾದರೆ ಹೊರಗೆ ಬರಬೇಕು.

ಇಪ್ಪತ್ತೇಳನೇ ನಂಬರು ಟೈಲರ್ ಮಾಮನ ಮನೆ. ಬೀಗ ಹಾಕಿದ್ದರಿಂದ ಅಮ್ಮ ಮೊದಲು ಪಕ್ಕದ ಇಪ್ಪತ್ತೆಂಟಕ್ಕೆ, ಪೆನ್ಸಿಲ್ ಹೋಗುವಷ್ಟು ಬಿರುಕಿದ್ದ ಈ ಮನೆಗೆ, ಬಂದಿದ್ದಳು. ಅಲ್ಲಿ ಒಬ್ಬ ಅಜ್ಜಿ, ಒಂದು ಆಡಿನ ಮರಿ. ಮರಿ ನೆಟ್ಟಗೆ ಬಂದು ಪುಸ್ತಕದ ಮೂಲೆಗೆ ಬಾಯಿ ಹಾಕಿತು.

“ಏಯ್, ಇದು ಆಫೀಸ್ ಪುಸ್ತಕ ಕಣೋ,” ಎಂದಳು ಪಟಾಕಿ.

“ಅದಕ್ಕೆ ಓದೋಕೆ ಬರಲ್ಲ ಮಗಾ, ತಿನ್ನೋಕೆ ಮಾತ್ರ ಬರುತ್ತೆ,” ಎಂದು ಅಜ್ಜಿ ನಕ್ಕಳು.

ಮರಿಯ ಜೊತೆ ಎಳೆದಾಡುವುದರಲ್ಲಿ ಪಟಾಕಿ ಮನೆ ನಂಬರು ಬರೆಯಲಿಲ್ಲ. ಆಮೇಲೆ ಬರೆದರಾಯಿತು ಎಂದುಕೊಂಡಳು. ಅಷ್ಟರಲ್ಲಿ ಟೈಲರ್ ಮಾಮ ಬಂದು ಬೀಗ ತೆಗೆದ. ಅವನ ಮನೆಯಲ್ಲಿ ಕೂದಲಿನಷ್ಟು ಸಣ್ಣ ಗೀರು, ಅಷ್ಟೇ. ಅದನ್ನೂ ಬರೆದು, ಬೇಲಿಯ ಪಕ್ಕ ಕುಳಿತು, ನಂಬರಿಗೆ ಖಾಲಿ ಬಿಟ್ಟಿದ್ದ ಎರಡೂ ಜಾಗದಲ್ಲಿ ಮೇಲಿನಿಂದ ಇಪ್ಪತ್ತೇಳು, ಇಪ್ಪತ್ತೆಂಟು ಎಂದು ತುಂಬಿದಳು.

ಮಧ್ಯಾಹ್ನ ಟೆಂಟಿನಲ್ಲಿ ಪುಸ್ತಕ ತೋರಿಸಿ, ಊಟ ಮುಗಿಸಿ, ಅಮ್ಮ ಊರಿನ ಆ ತುದಿಯಲ್ಲಿದ್ದ ಮುಂದಿನ ಮನೆಗೆ ಹೋದಳು. ಬಾಟಲಿಗೆ ನೀರು ತುಂಬಿಸಿಕೊಂಡು ಅವಳ ಹಿಂದೆ ಹೊರಟ ಪಟಾಕಿ ದಾರಿಯಲ್ಲೇ ನಿಂತುಬಿಟ್ಟಳು.

ಟೈಲರ್ ಮಾಮ ಮತ್ತು ಅವನ ಹೆಂಡತಿ ಹೊಲಿಗೆ ಮಷಿನ್ನನ್ನು ಏದುಸಿರು ಬಿಡುತ್ತಾ ಮರದ ಕೆಳಗೆ ಇಳಿಸುತ್ತಿದ್ದರು. ಬಾಗಿಲ ಮೇಲೆ ಕೆಂಪು ಸ್ಟಿಕ್ಕರ್. ಪಕ್ಕದ ಬಾಗಿಲಲ್ಲಿ ಹಸಿರು. ಅಜ್ಜಿ ಹಾಸಿಗೆ ಸುರುಳಿಯನ್ನು ಒಳಗೆ ಎಳೆಯುತ್ತಿದ್ದಳು.

“ಬಿರುಕು ನೋಡಿ ನಾನೂ ಹೆದರಿದ್ದೆ ಮಗಾ. ಹಸಿರು ಅಂಟಿಸಿದಾರೆ ಅಂದ್ಮೇಲೆ ಇನ್ನೇನು? ಐದು ದಿನ ನೆಲದ ಮೇಲೆ ಮಲಗಿ ಸೊಂಟ ಹಿಡ್ಕೊಂಡಿದೆ. ಇವತ್ತು ನನ್ನ ಮನೇಲಿ ಮಲಗ್ತೀನಿ. ನಿಮ್ಮಮ್ಮ ತಣ್ಣಗಿರ್ಲಿ.”

ಅಜ್ಜಿಯ ಮನೆಯ ಬಿರುಕು ಟೈಲರ್ ಮಾಮನ ನಂಬರಿಗೆ ಹೋಗಿದೆ ಎಂದು ಪಟಾಕಿಗೆ ಆ ಕ್ಷಣವೇ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಿಲ್ಲ ಎಂಬುದೂ ಗೊತ್ತಾಯಿತು.

“ಅಜ್ಜಿ, ಒಳಗೆ ಹೋಗ್ಬೇಡಿ.”

“ಯಾಕೆ?”

ಯಾವಾಗಲೂ ಸಿಡಿಯುವ ಬಾಯಿಗೆ ನಿಜ ಹೇಳುವ ಧೈರ್ಯ ಬರಲಿಲ್ಲ. “ಮರಿಗೆ ಬಾಯಾರಿಕೆ ಆಗಿದೆ. ಇಲ್ಲೇ ಹೊರಗೆ ಕೂತು ನೀರು ಕುಡಿಸಿ. ನಾನು ಈಗ ಬಂದೆ,” ಎಂದು ಬಾಟಲಿಯನ್ನು ಅಜ್ಜಿಯ ಕೈಗೆ ತುರುಕಿ ಕಾಲಿಗೆ ಬುದ್ಧಿ ಹೇಳಿದಳು.

ಅಮ್ಮನ ಮುಂದೆ ನಿಂತಾಗ ಉಸಿರು ಸಾಲುತ್ತಿರಲಿಲ್ಲ. ಎಲ್ಲವನ್ನೂ ಒಂದೇ ಗುಕ್ಕಿನಲ್ಲಿ ಹೇಳಿದಳು. ಬೈಗುಳಕ್ಕೆ ಕಾಯುತ್ತಾ ಕಣ್ಣು ಮುಚ್ಚಿದಳು.

ಅಮ್ಮ ಅಳತೆಯ ಟೇಪನ್ನು ಸರ್ರನೆ ಸುತ್ತಿದಳು. “ಅಜ್ಜಿ ಹೊರಗಿದಾರಾ?”

“ಮರಿಗೆ ನೀರು ಕುಡಿಸ್ತಾ ಇದಾರೆ.”

“ಸರಿ, ನಡಿ ಬೇಗ.”

ಅಜ್ಜಿ ಹೊಸ್ತಿಲಿನ ಹೊರಗೇ ಇದ್ದಳು. ಅಮ್ಮ ಹಸಿರು ಸ್ಟಿಕ್ಕರನ್ನು ಕಿತ್ತು, “ತಪ್ಪು ನಮ್ಮದು ಅಜ್ಜಿ. ನಾನು ಒಂದ್ಸಲ ಓದಿ ನೋಡ್ಬೇಕಿತ್ತು, ನೋಡ್ಲಿಲ್ಲ,” ಎಂದಳು.

“ನಂಬರ್ ತಪ್ಪು ಬರ್ದಿದ್ದು ನಾನು,” ಎಂದಳು ಪಟಾಕಿ, ನೆಲ ನೋಡುತ್ತಾ.

ಅಜ್ಜಿಗೆ ಸಿಟ್ಟು ಬಂತು. “ಆಗ ಹಸಿರು, ಈಗ ಕೆಂಪು. ನನ್ನ ಮನೆ ಏನು ಸಿಗ್ನಲ್ ಲೈಟಾ?”

ಅಮ್ಮ ವಾದ ಮಾಡಲಿಲ್ಲ. ಒಂದು ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ಪಕ್ಕ ಇಳಿಬಿಟ್ಟಳು. ದಾರ ನೆಟ್ಟಗಿತ್ತು. ಗೋಡೆ ಮಾತ್ರ ಅದರಿಂದ ನಾಲ್ಕು ಬೆರಳಷ್ಟು ಹೊರಗೆ ವಾಲಿತ್ತು. ಅಜ್ಜಿ ಬಹಳ ಹೊತ್ತು ನೋಡಿದಳು. ಹಾಸಿಗೆ ಸುರುಳಿಯ ಮೇಲೆ ಮೆಲ್ಲಗೆ ಕುಳಿತಳು.

“ಈ ಗೋಡೆಗೆ ನಾನೇ ಮಣ್ಣು ಕಲಸಿ ಕೊಟ್ಟಿದ್ದೆ,” ಎಂದಳು.

ಪಟಾಕಿ ಅಜ್ಜಿಯ ಪಕ್ಕದಲ್ಲಿ ಕುಳಿತಳು.

ಟೈಲರ್ ಮಾಮ ಬೆವರು ಒರೆಸಿಕೊಳ್ಳುತ್ತಾ ಬಂದ. “ಅಂದ್ರೆ ನಮ್ಮನೆ ಗಟ್ಟಿಯಾಗಿದೆ ಅಂತಾಯ್ತು. ನಾನಂತೂ ಮತ್ತೆ ಆ ಮಷಿನ್ ಹೊರಲ್ಲ, ಮರದ ಕೆಳಗೆ ಬೆಳಕೂ ಚೆನ್ನಾಗಿದೆ. ಮಷಿನ್ ಇದ್ದ ಜಾಗದಲ್ಲಿ ನೀವು ಮಲ್ಕೊಳ್ಳಿ ಅಜ್ಜಿ.”

“ಮರಿ?”

“ಬರ್ಲಿ. ಬಟ್ಟೆ ತಿಂದ್ರೆ ಮಾತ್ರ ನೋಡಿ.”

“ನಿನ್ನ ಹೊಲಿಗೆ ನೋಡಿದ್ರೆ ಅದೂ ತಿನ್ನಲ್ಲ ಬಿಡು,” ಎಂದಳು ಅಜ್ಜಿ. ಟೈಲರ್ ಮಾಮನ ಹೆಂಡತಿಗೆ ನಗು ತಡೆಯಲಾಗಲಿಲ್ಲ.

ಹಾಸಿಗೆಯ ಒಂದು ತುದಿ ಅಜ್ಜಿ ಹಿಡಿದಳು, ಇನ್ನೊಂದು ಪಟಾಕಿ.

ಮುಂದಿನ ಮನೆಗೆ ಹೊರಟಾಗ ಅಮ್ಮ ಪುಸ್ತಕವನ್ನು ತಾನೇ ಇಟ್ಟುಕೊಳ್ಳುತ್ತಾಳೆ ಎಂದು ಪಟಾಕಿ ಅಂದುಕೊಂಡಿದ್ದಳು. ಅಮ್ಮ ಅದನ್ನು ಅವಳ ಕೈಗೇ ಕೊಟ್ಟಳು.

ಪಟಾಕಿ ಗೇಟಿನ ಮೇಲಿನ ನಂಬರು ನೋಡಿದಳು. ಬರೆದಳು. ಮತ್ತೊಮ್ಮೆ ನೋಡಿದಳು. ಆಮೇಲೆ ಅಂಗಳದತ್ತ ತಿರುಗಿದಳು. ಅಲ್ಲಿ ಚಾಪೆಯ ಮೇಲೆ ಪುಟ್ಟ ಮಗುವೊಂದು ಮುಷ್ಟಿ ಬಿಗಿದುಕೊಂಡು ಮಲಗಿತ್ತು. ತಾಯಿ ಅದಕ್ಕೆ ಗಾಳಿ ಹಾಕುತ್ತಾ ಪಟಾಕಿಯ ಪೆನ್ಸಿಲನ್ನೇ ನೋಡುತ್ತಿದ್ದಳು.

“ಅಗಲ ಎರಡು ಮಿಲಿಮೀಟರ್,” ಎಂದಳು ಅಮ್ಮ ಗೋಡೆಯ ಹತ್ತಿರದಿಂದ.

“ಇಪ್ಪತ್ತೊಂಬತ್ತನೇ ಮನೆ. ಎರಡು ಮಿಲಿಮೀಟರ್,” ಎಂದಳು ಪಟಾಕಿ, ಮಗುವಿಗೆ ಎಚ್ಚರವಾಗದಷ್ಟು ಮೆಲ್ಲಗೆ.