ಬೆನಕಪ್ಪನ ಮೆಮೊರಿ ಬೋರ್ಡು

“ಬೋರ್ಡು ಇಲ್ಲ! ಯಾರೋ ಕಿತ್ಕೊಂಡು ಹೋಗ್ಯಾರೆ!”

ಪಕ್ಕದ ಮನೆಯ ಬೆನಕಪ್ಪನ ಕೂಗು ನನ್ನ ಹಿಟ್ಟಿನ ಗಿರಣಿಯ ಸದ್ದನ್ನೂ ಮೀರಿ ಬಂತು. ಗಿರಣಿ ನಿಲ್ಲಿಸಿ ಓಡಿದೆ. ಗಿರಣಿಯ ಜಗಲಿಯ ಮೇಲೆ ಪೇಪರ್ ಓದುತ್ತಿದ್ದ ನಾಗೇಂದ್ರಪ್ಪನವರೂ ಹಿಂದೆ ಬಂದರು. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಅವಸರ ಅನ್ನುವುದು ಅವರ ಮೈಯಲ್ಲೇ ಇಲ್ಲ. ಅವರಲ್ಲಿ ನನಗೆ ಆಗದ ಗುಣ ಅದೊಂದೇ.

ಅದು ಎಂಬತ್ತಾರನೇ ಇಸವಿ. ನಮ್ಮ ನ್ಯಾಮತಿಯಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದ ಬೆನಕಪ್ಪನ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಬೊಂಬಾಯಿಯಲ್ಲಿದ್ದ ಅವನ ಷಡ್ಡಕ ತಂದುಕೊಟ್ಟದ್ದು. ಊಟದ ಡಬ್ಬಿಯಷ್ಟು ದೊಡ್ಡದು. ಟೀವಿಗೆ ಸಿಕ್ಕಿಸಿದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಕನ್ನಡ ಅಕ್ಷರ ಬರಿಸಬೇಕೆಂದು ಬೆನಕಪ್ಪನ ಹಟ. ಅದಕ್ಕೆ ಯಂತ್ರದ ಮೆಮೊರಿ ಸಾಲದು. ಹಾಗಾಗಿ ಅವನೂ ಅಂಗಡಿಯ ಜೊತೆಗಾರ ಜಯಪ್ಪನೂ ಸೇರಿ ಮನೆಯಲ್ಲೇ ಒಂದು ಮೆಮೊರಿ ಬೋರ್ಡು ಮಾಡಿದ್ದರು. ತಾಮ್ರ ಹೊದಿಸಿದ ಹಲಗೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು, ಆಸಿಡ್‌ನಲ್ಲಿ ಅದ್ದಿ, ಕೈಯಿಂದ ತೂತು ಕೊರೆದು, ಬೆಸುಗೆ ಹಾಕಿ. ಮರುದಿನ ಹೊನ್ನಾಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ಇದನ್ನು ಅಲ್ಲಿ ಇಡುವುದಿತ್ತು. ಊರೆಲ್ಲ ಹೊರಟು ನಿಂತಿತ್ತು.

ಈಗ ಬೋರ್ಡೇ ಇಲ್ಲ.

“ಯಾವಾಗ ನೋಡಿದ್ದು?” ನಾಗೇಂದ್ರಪ್ಪ ಕೇಳಿದರು.

“ಬೆಳಿಗ್ಗೆ. ಆಮೇಲೆ ಸ್ಕೂಲಿನ ಕರೆಂಟ್ ನೋಡಾಕೆ ಹೊನ್ನಾಳಿಗೆ ಹೋದೆ. ಬಂದು ನೋಡಿದ್ರೆ ಹಿಂಗೆ!”

“ಟೀವಿ ಐತೆ. ಟೇಪ್ ರೆಕಾರ್ಡರ್ ಐತೆ. ಕಳ್ಳಗೆ ಅವೆಲ್ಲ ಬ್ಯಾಡಾದ್ವಾ?”

“ಇದರ ಬೆಲೆ ಗೊತ್ತಿರೋನೇ ಒಯ್ದಿದಾನೆ!” ಬೆನಕಪ್ಪ ಬಾಗಿಲ ಕಡೆ ತಿರುಗಿದ. ಅಲ್ಲಿ ಜಯಪ್ಪ ನಿಂತಿದ್ದ. “ಮನೆ ಕೀಲಿ ನಿನ್ನತ್ರ ಐತೆ. ಮಧ್ಯಾಹ್ನ ಊಟಕ್ಕೆ ಬಂದಿದ್ದೋನು ನೀನು. ಪರದೆ ಮೇಲೆ ಯಾರ ಹೆಸರು ಮೊದಲು ಬರಬೇಕು ಅಂತ ನಿನ್ನೆ ಜಗಳ ತೆಗೆದೋನೂ ನೀನೇ!”

ಜಯಪ್ಪ ದಾವಣಗೆರೆ ಕಡೆಯ ಬಿಳಿಚೋಡಿನವನು. ಆ ಮನೆಯಲ್ಲೇ ಉಣ್ಣುತ್ತ, ಅಂಗಡಿಯಲ್ಲೇ ಮಲಗುತ್ತ ಬೆನಕಪ್ಪನಿಗೆ ತಮ್ಮನಂತಾಗಿದ್ದವನು. ಅವನ ಮುಖ ಸುಣ್ಣದಂತಾಯಿತು.

“ನಾನಾ? ನನ್ನ ಕೈಯಾರೆ ಬೆಸೆದದ್ದನ್ನ ನಾನೇ ಕದೀಲಾ?” ಕೀಲಿಯನ್ನು ನೆಲಕ್ಕೆ ಒಗೆದ. “ದಾವಣಗೆರೆ ಬಸ್ಸಿಗೆ ಹೊಂಟೆ. ಇನ್ನು ಈ ಹೊಸ್ತಿಲು ತುಳಿಯಾಕಿಲ್ಲ.”

ಒಳಬಾಗಿಲಲ್ಲಿದ್ದ ಬೆನಕಪ್ಪನ ಹೆಂಡತಿ ಸಾವಂತ್ರಮ್ಮ ಏನೋ ಹೇಳಲು ಬಾಯಿ ತೆರೆದಳು. “ನೀನು ಸುಮ್ಕಿರು!” ಎಂದು ಬೆನಕಪ್ಪ ಗದರಿದ. ಜಯಪ್ಪ ಹೊರಟೇ ಹೋದ.

ನನಗೆ ಮಾತ್ರ ಬೈಲಪ್ಪನ ಮೇಲೇ ಅನುಮಾನ. ಹೊನ್ನಾಳಿಯಲ್ಲಿ ಟೀವಿ ಅಂಗಡಿ ಇಟ್ಟವನು, ಹೊಸದೊಂದು ವಸ್ತು ಕೈಗೆ ಬಂದರೆ ಇಡೀ ತಾಲ್ಲೂಕಿಗೆ ತೋರಿಸುವವರೆಗೆ ನಿದ್ದೆ ಮಾಡದವನು. ಆ ದಿನ ನಮ್ಮೂರಲ್ಲೇ ಇದ್ದ. ಹೋಟೆಲಿನಿಂದ ಎಳೆದುಕೊಂಡು ಬಂದೆ.

“ಎಲ್ಲಿಟ್ಟೀಯ ಬೋರ್ಡು? ಹೇಳು! ಇಲ್ಲಾಂದ್ರೆ ಗಿರಣಿಗೆ ಹಾಕಿ ಬೀಸ್ತೀನಿ!”

“ಕೈ ಬಿಡ್ರೀ! ವಾಚು ಕೆಟ್ಟುಹೋದೀತು. ಕ್ಯಾಲ್ಕುಲೇಟರ್ ಇರೋ ವಾಚು ಇದು, ಲೆಕ್ಕ ಮಾಡ್ತೈತೆ!” ಆ ಗಲಾಟೆಯಲ್ಲೂ ಗುಂಡಿ ಒತ್ತಿ ತೋರಿಸಿದ.

“ಇವತ್ತು ಇಲ್ಲಿಗೆ ಬಂದಿದ್ರಾ?” ನಾಗೇಂದ್ರಪ್ಪ ಕೇಳಿದರು.

“ಬಂದಿದ್ದೆ. ಊಟದ ಹೊತ್ತು ಕಳೆದಿತ್ತು. ಅಕ್ಕಾರು ಮಜ್ಜಿಗೆ ಕೊಟ್ರು, ಬೋರ್ಡೂ ತೋರಿಸಿದ್ರು.”

“ನೋಡಿ ಏನಂದ್ರಿ?”

ಬೈಲಪ್ಪ ತಲೆ ಕೆರೆದುಕೊಂಡ. “ಏನನ್ನಾಣ? ‘ಇದೇನಕ್ಕಾ, ಕರಿ ಹಿಡಿದ ರೊಟ್ಟಿ ಹೆಂಚಿನಂಗೈತೆ! ದೊಡ್ಡೋರೆಲ್ಲ ಬರ್ತಾರೆ, ಇದನ್ನಾ ಇಡ್ತಾನೆ ನಿನ್ನ ಗಂಡ?’ ಅಂದೆ. ತಮಾಷೆಗೆ.”

“ಆಮೇಲೆ?”

“ಆಮೇಲೆ ಹೋಟೆಲಿಗೆ ಹೋದೆ. ಅಲ್ಲಿ ಎಲ್ಲರಿಗೂ ವಾಚು ತೋರಿಸ್ತಾ ಕುಂತಿದ್ದೆ, ಬೇಕಾದ್ರೆ ಕೇಳ್ರಿ.”

ನಾನು ನಂಬಲಿಲ್ಲ. ಗೋಡೆ ಹಾರಿ ಬಂದಿರಬಹುದೆಂದು ಹಿತ್ತಲಿಗೆ ನುಗ್ಗಿದೆ. ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಹುಣಸೆಹಣ್ಣಿನ ಗಸಿ ಬಿದ್ದಿತ್ತು. ತುಳಿದು, ಜಾರಿ, ಅಂಗಾತ ಬಿದ್ದೆ.

“ಹಾಳಾದ ಹುಣಸೆಹಣ್ಣು!”

“ಪೆಟ್ಟಾತೇನ್ರೀ?” ನಾಗೇಂದ್ರಪ್ಪ ಕೇಳಿದರು. ಎತ್ತಲು ಕೈ ಕೊಡಲಿಲ್ಲ. ಅವರ ಕಣ್ಣು ಕಲ್ಲಿನ ಮೇಲಿತ್ತು. ಆಮೇಲೆ ಬಚ್ಚಲಿಗೆ ಹೋಗಿ ತಾಮ್ರದ ಹಂಡೆ ನೋಡಿದರು. ಅಡುಗೆಮನೆಗೆ ಹೋಗಿ ಕೊಡ, ತಂಬಿಗೆ ನೋಡಿದರು. ದೇವರ ಮುಂದಿನ ದೀಪ, ತಟ್ಟೆಯನ್ನೂ ಬಿಡಲಿಲ್ಲ.

“ತಾಯಿ, ಬೈಲಪ್ಪ ಹೋದ ಮೇಲೆ ನೀವೇನು ಮಾಡ್ತಿದ್ರಿ?”

“ಹಿತ್ತಲಲ್ಲಿ... ತೊಳೀತಿದ್ದೆ,” ಎಂದಳು ಸಾವಂತ್ರಮ್ಮ. ನೆಲ ನೋಡುತ್ತಿದ್ದಳು.

ನಾಗೇಂದ್ರಪ್ಪ ಬೆನಕಪ್ಪನನ್ನು ಕೂರಿಸಿದರು.

“ಬೋರ್ಡು ಮನೆ ಬಿಟ್ಟು ಹೋಗಿಲ್ಲ. ಯಾರು ತೆಗೆದ್ರು ಅಂತ ಹೇಳ್ತೀನಿ. ಆದ್ರೆ ಹೆಸರು ಕೇಳಿದ ಮೇಲೆ ನೀನು ದನಿ ಎತ್ತಬಾರದು. ಒಪ್ಪಿಗೇನಾ?”

“ಮೊದ್ಲು ಹೇಳ್ರೀ!”

“ಮೊದ್ಲು ಒಪ್ಪು.”

ಬೆನಕಪ್ಪ ತಲೆಯಾಡಿಸಿದ.

“ಇವರು ಜಾರಿ ಬಿದ್ದದ್ದು ಹುಣಸೆಹಣ್ಣಿನ ಮೇಲೆ. ಇನ್ನೂ ಹಸಿ ಹಸಿ ಇತ್ತು, ಇವತ್ತಿನದೇ. ಹೆಂಡತಿ ತೀರಿಕೊಂಡ ಮೇಲೆ ನನ್ನ ಹಂಡೆ ನಾನೇ ಬೆಳಗ್ತೀನಿ, ಅದಕ್ಕೇ ಗೊತ್ತು. ಹುಣಸೆಹಣ್ಣು ತಗಳ್ಳೋದು ತಾಮ್ರ, ಹಿತ್ತಾಳೆ ತಿಕ್ಕಾಕೆ. ಈ ಮನೇಲಿ ಹಂಡೆ ಕಪ್ಪಗೈತೆ, ಕೊಡ ಕಪ್ಪಗೈತೆ, ದೇವರ ದೀಪಾನೂ ಕಪ್ಪಗೈತೆ. ಹಂಗಾದ್ರೆ ಇವತ್ತು ಬೆಳಗಿದ ತಾಮ್ರ ಯಾವುದು?”

ಬೆನಕಪ್ಪ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ.

“ಸಾವಂತ್ರಿ?”

ಅವಳು ಒಳಗೆ ಹೋದಳು. ಒಲೆಯ ಹಿಂದಿನ ಬೆಚ್ಚನೆಯ ಗೂಡಿನಿಂದ ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಬೋರ್ಡನ್ನು ತಂದು ಮುಂದಿಟ್ಟಳು. ತಾಮ್ರದ ಗೆರೆಗಳು ಹೊಸ ತಂಬಿಗೆಯ ಹಾಗೆ ಥಳಥಳ ಹೊಳೆಯುತ್ತಿದ್ದವು.

“ಹೆಂಚಿನಂಗೈತೆ ಅಂದ್ರು. ನಾಕು ಜನರ ಮುಂದೆ ನಿಮಗೆ ಅವಮಾನ ಆಗಬಾರದು ಅಂತ ಬೆಳಗಿದೆ. ಒರೆಸಿ ಸಿಕ್ಕಿಸಿ ನೋಡಿದೆ, ನೀವು ಸಿಕ್ಕಿಸ್ತೀರಲ್ಲ ಹಂಗೇ. ಅಕ್ಷರ ಬರಲಿಲ್ಲ. ಕೈಕಾಲು ತಣ್ಣಗಾತು. ಒಣಗಿದ್ರೆ ಸರಿಹೋದೀತು ಅಂತ ಒಲೆ ಹತ್ರ ಇಟ್ಟೆ. ಹೇಳಾಕೆ ಬಂದೆ. ನೀವು ಜಯಪ್ಪನ ಮೇಲೆ ಹಾರಿದ್ರಿ.”

ಬೆನಕಪ್ಪನ ಬಾಯಿ ತೆರೆಯಿತು. ನಾಗೇಂದ್ರಪ್ಪ ಬೆರಳೆತ್ತಿದರು. ಬಾಯಿ ಮುಚ್ಚಿತು.

“ನಾನೇ ಹೋಗಿ ಹೇಳ್ತೀನಿ,” ಎಂದು ಸಾವಂತ್ರಮ್ಮ ಬೋರ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟಳು. ನಾವು ಹಿಂದೆ ಓಡಿದೆವು.

ದಾವಣಗೆರೆ ಬಸ್ಸು ಹೊಗೆ ಬಿಡುತ್ತ ನಿಂತಿತ್ತು. ಜಯಪ್ಪ ಕಿಟಕಿ ಪಕ್ಕ ಕೂತಿದ್ದ. ಅವಳು ಬೋರ್ಡನ್ನು ಕಿಟಕಿಗೆ ಎತ್ತಿ ಹಿಡಿದಳು.

“ತೊಳೆದೋಳು ನಾನು ಕಣಪ್ಪ. ಹುಣಸೆಹಣ್ಣು ಹಾಕಿ.”

ಜಯಪ್ಪ ನೋಡಿದ. ಮೂಸಿ ನೋಡಿದ. ನಕ್ಕುಬಿಟ್ಟ.

“ಅಯ್ಯೋ ಅಕ್ಕ! ಕೆಟ್ಟಿಲ್ಲ ಬಿಡು. ಹುಳಿ ಉಳಿದೈತೆ, ಅಷ್ಟೇ. ಬ್ಯಾಟರಿಗೆ ಹಾಕೋ ಶುದ್ಧ ನೀರಲ್ಲಿ ಚೆನ್ನಾಗಿ ತೊಳೆದು ಒಣಗಿಸಿದ್ರೆ ಎದ್ದು ಕುಂತ್ಕಂತೈತೆ. ತಪ್ಪು ನಮ್ದೇ. ತಾಮ್ರಕ್ಕೆ ವಾರ್ನಿಷ್ ಹೊಡೀಬೇಕಿತ್ತು. ಹೊಡೆದಿದ್ರೆ ಕರ್ರಗಾಗ್ತಾನೇ ಇರಲಿಲ್ಲ.”

ಬೆನಕಪ್ಪ ಕೆಳಗೆ ನಿಂತಿದ್ದ. ಬಸ್ಸು ಹತ್ತಿ ಜಯಪ್ಪನ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡು ಇಳಿದ.

“ಕೊಡೋ ಇಲ್ಲಿ, ನನ್ನ ಚೀಲ ನಾನು ಹೊರ್ತೀನಿ,” ಜಯಪ್ಪ ಹಿಂದೆಯೇ ಇಳಿದ.

“ಕೊಡಾಕಿಲ್ಲ.” ಬೆನಕಪ್ಪ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. “ಬೈಯೋದಾದ್ರೆ ಮನೆಗೆ ಬಂದು ಬೈ.”

“ಬೈಯ್ತೀನಿ. ಮೊದ್ಲು ಗ್ಯಾರೇಜಿಗೆ ಹೋಗಿ ನೀರು ತರಾಣ. ಅಕ್ಕ, ಬೋರ್ಡು ಕೊಡಿಲ್ಲಿ.”

“ಬ್ಯಾಡ. ತೊಳೆಯೋದು ಹೆಂಗೆ ಅಂತ ಹೇಳು, ನಾನೇ ತೊಳೀತೀನಿ,” ಎಂದಳು ಸಾವಂತ್ರಮ್ಮ.

ಮೂವರೂ ಗ್ಯಾರೇಜಿನ ಕಡೆ ನಡೆದರು. ಒಂದು ಹನಿಯೂ ಗೆರೆಗಳ ನಡುವೆ ನಿಲ್ಲದ ಹಾಗೆ ಓರೆಯಾಗಿ ಹಿಡಿಯಬೇಕೆಂದು ಜಯಪ್ಪ ಕೈ ಮಾಡಿ ತೋರಿಸುತ್ತಿದ್ದ. ಅವಳು ನಡೆಯುತ್ತಲೇ ಹಾಗೆ ಓರೆಯಾಗಿ ಹಿಡಿದು ನೋಡುತ್ತಿದ್ದಳು.